ಮುಂದೆ ‘ನೆಟ್ ಕಾರ್ಬ್ 3 ಗ್ರಾಂ’, ಹಿಂದೆ ಏನು? ಒಂದು ಕೀಟೊ ಬಾರ್‌ನ ಪ್ರಕರಣ ಅಧ್ಯಯನ

44 ವರ್ಷದ ಪ್ರೌಢಶಾಲಾ ಶಿಕ್ಷಕಿ. ಮನೆ ಶಿವಮೊಗ್ಗದ ವಿನೋಬನಗರದಲ್ಲಿ, ಶಾಲೆ ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆಯ ಹತ್ತಿರ. ಟೈಪ್ 2 ಮಧುಮೇಹ ಗೊತ್ತಾಗಿ ಮೂರು ವರ್ಷವಾಗಿದೆ. ಮಾತ್ರೆ ಒಂದೇ, ಮೆಟ್‌ಫಾರ್ಮಿನ್ 500 ಮಿ.ಗ್ರಾಂ., ದಿನಕ್ಕೆ ಎರಡು ಸಲ. ಏಪ್ರಿಲ್ ಮೊದಲ ವಾರದಲ್ಲಿ ವೈದ್ಯರೂ ಆಹಾರತಜ್ಞೆಯೂ ಸೇರಿ ಅವರಿಗೆ ಕೀಟೊ ಆಹಾರ, ಅಂದರೆ ಕಾರ್ಬೋಹೈಡ್ರೇಟ್ (ಕಾರ್ಬ್) ತೀರಾ ಇಳಿಸಿ ಕೊಬ್ಬನ್ನೇ ನೆಚ್ಚುವ ಆಹಾರ, ಗೊತ್ತುಮಾಡಿದರು: ದಿನಕ್ಕೆ ನೆಟ್ ಕಾರ್ಬ್ (ಒಟ್ಟು ಕಾರ್ಬ್‌ನಲ್ಲಿ ಜೀರ್ಣವಾಗದ ನಾರು ಮುಂತಾದ್ದನ್ನು ಕಳೆದು ಉಳಿಯುವುದು) 25 ಗ್ರಾಂ, ಪ್ರೋಟೀನ್ 70 ಗ್ರಾಂ, ಉಳಿದ ಹಸಿವಿಗೆ ಕೊಬ್ಬು.

ಮುಂದಕ್ಕೆ ಹೋಗುವ ಮೊದಲು ಒಂದು ಮಾತು ಹೇಳಲೇಬೇಕು. ಅವರಿಗೆ ಇದ್ದದ್ದು ಮೆಟ್‌ಫಾರ್ಮಿನ್ ಮಾತ್ರ, ಆದ್ದರಿಂದ ಈ ಪ್ರಯೋಗ ಸಾಧ್ಯವಾಯಿತು. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಕಾರ್ಬ್ ಇಳಿಸಿದರೆ ಸಕ್ಕರೆ ತೀರಾ ಕೆಳಗೆ ಹೋಗಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ನುಂಗುವವರಿಗೆ ಇನ್ನೂ ದೊಡ್ಡ ಅಪಾಯವಿದೆ: ಸಕ್ಕರೆಯ ಮಟ್ಟ ಹೆಚ್ಚೇನೂ ಏರದೆಯೇ ರಕ್ತ ಆಮ್ಲೀಯವಾಗುವ ಕೀಟೊಆಸಿಡೋಸಿಸ್. ಇಂಥವರು ವೈದ್ಯರನ್ನು ಕೇಳದೆ ಕೀಟೊ ಶುರು ಮಾಡಲೇಬಾರದು.

ಮೊದಲ ಎರಡು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು. ಅಕ್ಕಿ ರೊಟ್ಟಿ, ಕಡುಬು, ನೀರುದೋಸೆ ಬಿಟ್ಟರು. ಮಲೆನಾಡಿನ ಮನೆಯಲ್ಲಿ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. 60 ಗ್ರಾಂ ಹಿಟ್ಟಿನ ಒಂದು ಅಕ್ಕಿ ರೊಟ್ಟಿಯಲ್ಲೇ ಹೆಚ್ಚುಕಡಿಮೆ 48 ಗ್ರಾಂ ಕಾರ್ಬ್ ಇರುತ್ತದೆ, ಅಂದರೆ ಅವರ ಎರಡು ದಿನದ ಪಾಲು. ತೂಕ 74.5 ಕಿಲೋದಿಂದ 71ಕ್ಕೆ ಬಂತು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 104ರ ಆಸುಪಾಸು, ಬೆರಳ ರಕ್ತದಲ್ಲಿ ಕೀಟೋನ್ (ದೇಹ ಕೊಬ್ಬನ್ನು ಉರಿಸುವಾಗ ಹುಟ್ಟುವ ವಸ್ತು) ಲೀಟರಿಗೆ 0.9ರಿಂದ 1.1 ಮಿಲಿಮೋಲ್. ಆಹಾರದಿಂದ ಬರುವ ಕೀಟೋಸಿಸ್‌ನಲ್ಲಿ ಈ ಅಂಕಿ ಸಾಮಾನ್ಯವಾಗಿ 0.5ರಿಂದ 3ರ ನಡುವೆ ಇರುತ್ತದೆ.

ಜುಲೈ ನಡುವಿನ ಹೊತ್ತಿಗೆ ಕೀಟೋನ್ 0.2, 0.3ಕ್ಕೆ ಇಳಿದಿತ್ತು. ಬೆಳಗಿನ ಸಕ್ಕರೆ 120ರಿಂದ 124. ತೂಕ ಆರು ವಾರದಿಂದ ಅಲುಗಿರಲಿಲ್ಲ. ಹೊಟ್ಟೆ ಉಬ್ಬರ, ಸಂಜೆ ಬಸ್ಸಿನಲ್ಲಿ ಹೊಟ್ಟೆ ಗುಡುಗುಡು ಎನ್ನುವುದು ಬೇರೆ. ಊಟದ ಡೈರಿಯಲ್ಲಿ ಮಾತ್ರ ದಿನದ ಮೊತ್ತ 25 ಗ್ರಾಂ ದಾಟಿರಲಿಲ್ಲ.

ಅವರ ಅನುಮಾನ ಮೊದಲು ಹೋದದ್ದು ತಂಬುಳಿಯ ಮೇಲೆ, ಮೊಸರಿನಿಂದ ಕಾರ್ಬ್ ಬರುತ್ತದಲ್ಲ ಎಂದು. ಮೊಸರಿನಲ್ಲಿ ಕಾರ್ಬ್ ಇರುವುದು ನಿಜವೇ. ಆದರೆ ಮೇ ತಿಂಗಳಲ್ಲೂ ಅಷ್ಟೇ ತಂಬುಳಿ ಉಂಡಿದ್ದರು, ಆಗ ಏನೂ ಕೆಟ್ಟಿರಲಿಲ್ಲ. ಇಂಥ ಪ್ರಕರಣದಲ್ಲಿ ‘ಯಾವುದರಲ್ಲಿ ಕಾರ್ಬ್ ಇದೆ’ ಎಂದು ಹುಡುಕುವುದಕ್ಕಿಂತ ‘ಚೆನ್ನಾಗಿದ್ದಾಗ ಇಲ್ಲದ್ದು ಈಗ ಏನು ಬಂದಿದೆ’ ಎಂದು ಹುಡುಕುವುದು ಮೇಲು. ಡೈರಿಯ ಮೇ ಪುಟಗಳನ್ನೂ ಜುಲೈ ಪುಟಗಳನ್ನೂ ಪಕ್ಕಪಕ್ಕ ಇಟ್ಟಾಗ ಎರಡೇ ಬದಲಾವಣೆ ಕಂಡವು. ಮಳೆ ಹಿಡಿದ ಮೇಲೆ ಸಂಜೆಯ ನಡಿಗೆ ನಿಂತಿತ್ತು. ಶಾಲೆ ಶುರುವಾದ ಮೇಲೆ ದಿನಕ್ಕೆ ಎರಡು ಕೀಟೊ ಬಾರ್ ಬಂದಿದ್ದವು: ಬೆಳಗಿನ ಬಿಡುವಿನಲ್ಲಿ ಒಂದು, ಸಂಜೆ ಬಸ್ಸಿನಲ್ಲಿ ಒಂದು. ದುರ್ಗಿಗುಡಿಯ ಅಂಗಡಿಯಲ್ಲಿ ಕೊಳ್ಳುವಾಗ ಸಿಕ್ಕ ಭರವಸೆ ಇದು: “ಮೇಡಂ, ಇದ್ರಲ್ಲಿ ಸಕ್ಕರೆನೇ ಹಾಕಿಲ್ಲ. ಶುಗರ್ ಇರೋರೆಲ್ಲ ಇದನ್ನೇ ತಗೊಂಡ್ ಹೋಗ್ತಾರೆ.” ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ಪೊಟ್ಟಣದ ಮುಂಭಾಗದಲ್ಲಿ ಇದ್ದದ್ದನ್ನೇ ಓದಿ ಹೇಳಿದ್ದರು.

ಪೊಟ್ಟಣದ ಹಿಂಬದಿ

ಬಾರ್ ತೂಕ 40 ಗ್ರಾಂ. ಮುಂದೆ ‘ಕೀಟೊ’, ‘ಸಕ್ಕರೆ ಸೇರಿಸಿಲ್ಲ’, ‘ನೆಟ್ ಕಾರ್ಬ್ 3 ಗ್ರಾಂ’. ಹಿಂದಿನ ಪಟ್ಟಿಯಲ್ಲಿ 100 ಗ್ರಾಂಗೆ: ಶಕ್ತಿ 385 ಕಿಲೋ ಕ್ಯಾಲೊರಿ, ಪ್ರೋಟೀನ್ 20, ಕಾರ್ಬೋಹೈಡ್ರೇಟ್ 50, ಅದರಲ್ಲಿ ನಾರು 20, ಪಾಲಿಯಾಲ್ (ಸಕ್ಕರೆಯ ಬದಲು ಸಿಹಿಗೆ ಹಾಕುವ ಸಕ್ಕರೆ ಆಲ್ಕೋಹಾಲ್) 22, ಸಕ್ಕರೆ 3, ಸೇರಿಸಿದ ಸಕ್ಕರೆ 0, ಕೊಬ್ಬು 20.

40 ಗ್ರಾಂ ಬಾರ್‌ಗೆ ಇಳಿಸಿದರೆ ಕಾರ್ಬ್ 20, ನಾರು 8, ಪಾಲಿಯಾಲ್ 8.8. ಇಪ್ಪತ್ತರಲ್ಲಿ 8 ಮತ್ತು 8.8 ಕಳೆದರೆ ಉಳಿಯುವುದು 3.2. ಮುಂದೆ ಬರೆದ 3 ಗ್ರಾಂ ಬಂದದ್ದು ಹೀಗೆ. ಕ್ಯಾಲೊರಿಯೂ ತಾಳೆಯಾಗುತ್ತದೆ: ಪ್ರೋಟೀನಿಗೆ 4ರಂತೆ 80, ಕೊಬ್ಬಿಗೆ 9ರಂತೆ 180, ನಾರಿಗೆ 2ರಂತೆ 40, ಪಾಲಿಯಾಲ್‌ಗೆ 2.4ರಂತೆ 53, ಉಳಿದ 8 ಗ್ರಾಂ ಕಾರ್ಬ್‌ಗೆ 4ರಂತೆ 32. ಒಟ್ಟು 385. ಲೆಕ್ಕದಲ್ಲಿ ತಪ್ಪಿಲ್ಲ.

ಇಷ್ಟಕ್ಕೇ ‘ಸರಿ ಇದೆ’ ಎಂದು ಮುಚ್ಚಿಡುವವರು ಬಹಳ. ಆದರೆ ಈ ತಾಳೆ ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂದು ನೋಡಬೇಕು. ಪೊಟ್ಟಣದ ಕ್ಯಾಲೊರಿಯನ್ನು ಸಾಮಾನ್ಯವಾಗಿ ಇದೇ ಗುಣಾಕಾರದಿಂದಲೇ ಬರೆದಿರುತ್ತಾರೆ. ನಾರು ಎಂದು ಕರೆದದ್ದಕ್ಕೆ 2 ಹಾಕಿದ್ದಾರೆ ಎಂದಷ್ಟೇ ಅದರಿಂದ ತಿಳಿಯುತ್ತದೆ. ಹಾಗೆ ಕರೆದದ್ದು ಕರುಳಿನಲ್ಲಿ ನಾರಿನಂತೆ ನಡೆದುಕೊಳ್ಳುತ್ತದೋ ಇಲ್ಲವೋ ತಿಳಿಯುವುದಿಲ್ಲ. ಅದಕ್ಕೆ ಪದಾರ್ಥಗಳ ಪಟ್ಟಿಯನ್ನೇ ಓದಬೇಕು.

ಆ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಇಲ್ಲಿ ಇದ್ದದ್ದು: ಐಸೊಮಾಲ್ಟೊ-ಆಲಿಗೋಸ್ಯಾಕರೈಡ್ ಸಿರಪ್, ಸಿಹಿಕಾರಕ (ಐಎನ್‌ಎಸ್ 965), ಹಾಲಿನ ಪ್ರೋಟೀನ್, ಬಾದಾಮಿ 14%, ಕೋಕೋ ಬೆಣ್ಣೆ, ಚಿಕೋರಿ ಬೇರಿನ ನಾರು 4%, ಕಡಲೆಬೀಜ, ಉಪ್ಪು.

ಮೊದಲ ಎರಡು ಹೆಸರಿನಲ್ಲೇ ಇಡೀ ಪ್ರಕರಣ ಇದೆ.

ಐಎನ್‌ಎಸ್ ಎಂದರೆ ಆಹಾರಕ್ಕೆ ಸೇರಿಸುವ ಪದಾರ್ಥಗಳಿಗೆ ಕೊಟ್ಟ ಅಂತರರಾಷ್ಟ್ರೀಯ ಸಂಖ್ಯೆ; 965 ಎಂದರೆ ಮಾಲ್ಟಿಟಾಲ್ ಎಂಬ ಪಾಲಿಯಾಲ್. ಸಕ್ಕರೆಯ ಗ್ಲೈಸೆಮಿಕ್ ಸೂಚ್ಯಂಕ (ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬ ಅಳತೆ) 65ರ ಸುತ್ತ ಇದ್ದರೆ ಮಾಲ್ಟಿಟಾಲ್‌ನದು 35ರ ಸುತ್ತ. ಅರ್ಧ ಸಕ್ಕರೆ ಎಂದಿಟ್ಟುಕೊಂಡರೆ ತಪ್ಪಾಗದು. ಅದನ್ನು ಪೂರ್ತಿ ಕಳೆಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಪೂರ್ತಿ ಕಳೆಯಬಹುದಾದ ಪಾಲಿಯಾಲ್ ಎಂದರೆ ಮುಖ್ಯವಾಗಿ ಎರಿಥ್ರಿಟಾಲ್ (968). ಅದು ರಕ್ತಕ್ಕೆ ಸೇರಿದರೂ ಬಹುಪಾಲು ಹಾಗೆಯೇ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಸಾರ್ಬಿಟಾಲ್ (420), ಐಸೊಮಾಲ್ಟ್ (953), ಕ್ಸೈಲಿಟಾಲ್ (967), ಮಾಲ್ಟಿಟಾಲ್ ಇವುಗಳಲ್ಲಿ ಅರ್ಧ ಮಾತ್ರ ಕಳೆಯಬೇಕು. ‘ಮಾಲ್ಟಿಟಾಲ್ ಸಿರಪ್’ ಎಂದಿದ್ದರೆ ಅದರ ಏರಿಕೆ ಇನ್ನೂ ಹೆಚ್ಚು, ಅಲ್ಲಿ ಏನನ್ನೂ ಕಳೆಯದಿರುವುದೇ ಕ್ಷೇಮ. ಹಾಗೆಯೇ, 967 ಕಂಡರೆ ಆ ಬಾರ್ ನಾಯಿಯ ಬಾಯಿಗೆ ಸಿಗದಂತೆ ಎತ್ತಿಡಿ. ಕ್ಸೈಲಿಟಾಲ್ ನಾಯಿಗೆ ವಿಷ, ಸ್ವಲ್ಪವೇ ತಿಂದರೂ ಅದರ ಸಕ್ಕರೆ ಕುಸಿಯುತ್ತದೆ. ಮಲೆನಾಡಿನ ಮನೆ ಎಂದರೆ ಜಗಲಿಯಲ್ಲಿ ನಾಯಿ ಇದ್ದೇ ಇರುತ್ತದೆ.

ಐಸೊಮಾಲ್ಟೊ-ಆಲಿಗೋಸ್ಯಾಕರೈಡ್‌ನ ವಿಷಯ ಇನ್ನಷ್ಟು ಮುಖ್ಯ. ಪಿಷ್ಟವನ್ನು ಕಿಣ್ವಗಳಿಂದ ಒಡೆದು ಮರುಜೋಡಿಸಿ ಮಾಡಿದ ಸಿಹಿ ಪಾಕ ಅದು. ಬಾರ್ ಮಾಡುವವರಿಗೆ ಅಚ್ಚುಮೆಚ್ಚು, ಏಕೆಂದರೆ ಬೆಲ್ಲದ ಪಾಕದಂತೆಯೇ ಹಿಡಿದುಕೊಳ್ಳುತ್ತದೆ, ಮೆತ್ತಗೂ ಇರುತ್ತದೆ. ಅದನ್ನು ನಾರು ಎಂದು ಬರೆಯುವ ಪದ್ಧತಿ ಬಹಳ ಕಾಲ ನಡೆಯಿತು. ಆದರೆ ಸಣ್ಣ ಕರುಳಿನ ಕಿಣ್ವಗಳು ಅದರ ಒಳ್ಳೆಯ ಪಾಲನ್ನು ಒಡೆದು ಗ್ಲುಕೋಸ್ ಮಾಡುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ನಾರೆಂದು ಒಪ್ಪಬಹುದಾದ ಪದಾರ್ಥಗಳ ಪಟ್ಟಿ ಹಿಗ್ಗಿಸಿದಾಗ ಇನ್ಯುಲಿನ್ (ಚಿಕೋರಿ ಬೇರಿನ ನಾರು), ಪಾಲಿಡೆಕ್ಸ್‌ಟ್ರೋಸ್ ಒಳಗೆ ಬಂದವು, ಇದು ಬರಲಿಲ್ಲ.

ಈಗ ಲೆಕ್ಕವನ್ನು ಮತ್ತೆ ಹಾಕೋಣ. 40 ಗ್ರಾಂ ಬಾರ್‌ನಲ್ಲಿ ಬಾದಾಮಿ 5.6 ಗ್ರಾಂ, ಅದರ ನಾರು 0.7. ಚಿಕೋರಿ ನಾರು 1.6. ಕಡಲೆಬೀಜ ಮತ್ತು ಉಳಿದದ್ದಕ್ಕೆ ಉದಾರವಾಗಿ ಸೇರಿಸಿ ನಿಜವಾದ ನಾರು 3 ಗ್ರಾಂ ಎನ್ನೋಣ. ಪೊಟ್ಟಣ ಹೇಳುವ 8ರಲ್ಲಿ ಉಳಿದ 5 ಗ್ರಾಂ ಆ ಸಿರಪ್‌ನದು. 20ರಲ್ಲಿ ನಾರು 3, ಮಾಲ್ಟಿಟಾಲ್‌ನ ಅರ್ಧ 4.4 ಕಳೆದರೆ 12.6 ಗ್ರಾಂ. ಸಿರಪ್‌ನ ಆ 5 ಗ್ರಾಂನಲ್ಲಿ ಅರ್ಧ ಮಾತ್ರ ಜೀರ್ಣವಾಗುತ್ತದೆ ಎಂದು ಬಿಟ್ಟುಕೊಟ್ಟರೂ 10 ಗ್ರಾಂ. ಎರಡು ಬಾರ್‌ಗೆ 20ರಿಂದ 25. ಡೈರಿಯಲ್ಲಿ ಅವಕ್ಕೆ ಬರೆದದ್ದು 6. ಊಟದ 19 ಗ್ರಾಂ ಸೇರಿದರೆ ದಿನಕ್ಕೆ 39ರಿಂದ 44 ಗ್ರಾಂ ಹೋಗುತ್ತಿತ್ತು.

ಹೊಟ್ಟೆಯ ಗುಡುಗುಡುವಿಗೂ ಉತ್ತರ ಇಲ್ಲೇ ಇದೆ: ಎರಡು ಬಾರ್‌ನಲ್ಲಿ ಮಾಲ್ಟಿಟಾಲ್ 17.6 ಗ್ರಾಂ. ಪಾಲಿಯಾಲ್ 10% ಅಥವಾ ಹೆಚ್ಚಿರುವ ತಿನಿಸಿನ ಮೇಲೆ ಭೇದಿಯಾಗಬಹುದೆಂಬ ಎಚ್ಚರಿಕೆ ಇರಬೇಕೆಂಬ ನಿಯಮ ನಮ್ಮಲ್ಲಿದೆ. ಈ ಪೊಟ್ಟಣದಲ್ಲೂ ಇತ್ತು, ಅಂಟಿಸಿದ ಮಡಿಕೆಯ ಕೆಳಗೆ.

ಬೆರಳ ಪರೀಕ್ಷೆ

ಕಾಗದದ ಮೇಲಿನ ಲೆಕ್ಕ ಅನುಮಾನವನ್ನು ಮಾತ್ರ ಹುಟ್ಟಿಸುತ್ತದೆ, ಇತ್ಯರ್ಥ ಮಾಡುವುದು ರಕ್ತ. ಎರಡು ಭಾನುವಾರ ಒಂದೇ ಕ್ರಮದಲ್ಲಿ ಪರೀಕ್ಷೆ ನಡೆಯಿತು. ಹಿಂದಿನ ಊಟವಾಗಿ ನಾಲ್ಕು ಗಂಟೆ ಕಳೆದಿರಬೇಕು. ಬಾರ್ ಒಂದೇ, ಜೊತೆಗೆ ಕಾಫಿ ಇಲ್ಲ. ತಿಂದ ಮೇಲೆ ಎರಡು ಗಂಟೆ ಓಡಾಟ ಇಲ್ಲ. ನಡೆದರೆ ಸ್ನಾಯು ಸಕ್ಕರೆಯನ್ನು ಎಳೆದುಕೊಂಡು ಏರಿಕೆ ಚಿಕ್ಕದಾಗಿ ಕಾಣುತ್ತದೆ. ಪ್ರತಿ ಸಲವೂ ಕೈ ತೊಳೆದು ಒರೆಸಬೇಕು, ಬಾರ್ ಮುರಿದ ಬೆರಳಿನ ಅಂಟು ಸಾಕು ಅಂಕಿ ಸುಳ್ಳಾಗಲು.

ಮೊದಲ ಭಾನುವಾರ: ತಿನ್ನುವ ಮೊದಲು 108, ಅರ್ಧ ಗಂಟೆಗೆ 131, ಒಂದು ಗಂಟೆಗೆ 149, ಒಂದೂವರೆಗೆ 138, ಎರಡಕ್ಕೆ 124. ಎರಡನೇ ಭಾನುವಾರ 106ರಿಂದ ಹೊರಟು ತುದಿ 144.

ಮನೆಯ ಗ್ಲುಕೋಮೀಟರ್‌ಗೆ ಅಂತರರಾಷ್ಟ್ರೀಯ ಮಾನದಂಡವೇ 15% ಆಚೀಚೆ ಬಿಟ್ಟುಕೊಟ್ಟಿದೆ. 100ಕ್ಕಿಂತ ಕೆಳಗಿದ್ದರೆ 15 ಅಂಕಿ. ಹಾಗಾಗಿ 108 ಹೋಗಿ 118 ಆದರೆ ಅದನ್ನು ಏರಿಕೆ ಎನ್ನಲಾಗದು. ಇಲ್ಲಿ ಕಂಡದ್ದು 40ರ ಹತ್ತಿರದ ಏರಿಕೆ, ಮೆಟ್ಟಿಲು ಹತ್ತಿ ಇಳಿದ ಆಕಾರ, ಎರಡೂ ದಿನ ಅದೇ ರೀತಿ. ಉಪಕರಣದ ತಪ್ಪು ಹೀಗೆ ಬರುವುದಿಲ್ಲ. ಒಂದೇ ದಿನದ ಒಂದೇ ಅಂಕಿ ನೋಡಿ ಬಾರ್‌ಗೆ ಶಿಕ್ಷೆ ಕೊಡುವುದೂ ಸರಿಯಲ್ಲ, ಸರ್ಟಿಫಿಕೇಟ್ ಕೊಡುವುದೂ ಸರಿಯಲ್ಲ. ಮೂತ್ರದಲ್ಲಿ ಕೀಟೋನ್ ನೋಡುವ ಸ್ಟ್ರಿಪ್ಪನ್ನು ಈ ಕೆಲಸಕ್ಕೆ ಬಳಸಲಿಲ್ಲ. ಅದು ಅಳೆಯುವುದು ಅಸಿಟೊಅಸಿಟೇಟ್ ಎಂಬ ಒಂದು ಕೀಟೋನನ್ನು. ವಾರಗಳು ಕಳೆದಂತೆ, ಕುಡಿದ ನೀರಿನ ಪ್ರಮಾಣಕ್ಕೆ ತಕ್ಕಂತೆ ಅದರ ಬಣ್ಣ ಏರುಪೇರಾಗುತ್ತದೆ.

ನಡಿಗೆ ನಿಂತದ್ದರ ಪಾಲು ಎಷ್ಟು ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಬಾರ್ ಬಿಡಿಸಿ, ನಡಿಗೆಯನ್ನು ಬೇಕೆಂದೇ ಹತ್ತು ದಿನ ಶುರು ಮಾಡಿಸಲಿಲ್ಲ. ಎರಡನ್ನೂ ಒಟ್ಟಿಗೆ ಸರಿಪಡಿಸಿದ್ದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುತ್ತಿರಲಿಲ್ಲ. ಹತ್ತನೇ ದಿನ ಕೀಟೋನ್ 0.8, ಬೆಳಗಿನ ಸಕ್ಕರೆ 109. ಅಂದರೆ ದೊಡ್ಡ ಪಾಲು ಬಾರ್‌ನದೇ. ಆಮೇಲೆ ನಡಿಗೆ ಶುರುವಾಯಿತು, ಹೊರಗೆ ಮಳೆ ಇದ್ದುದರಿಂದ ಶಾಲೆಯ ಕಾರಿಡಾರಿನಲ್ಲಿ.

ಬದಲಿಗೆ ಯಾವುದು?

ಸಂಜೆ ಬಸ್ಸಿನ ಹಸಿವಿಗೆ ಏನಾದರೂ ಬೇಕೇ ಬೇಕಿತ್ತು. ಬಾರ್ ಆರಿಸುವ ಮೊದಲು ಅದಕ್ಕೆ ಎಷ್ಟು ಜಾಗ ಇದೆ ಎಂದು ಗೊತ್ತುಮಾಡಿಕೊಳ್ಳಬೇಕು. ಅವರ ಮೂರು ಹೊತ್ತಿನ ಊಟಕ್ಕೆ 19ರಿಂದ 20 ಗ್ರಾಂ ಹೋಗುತ್ತದೆ, ತಿಂಡಿಗೆ ಉಳಿಯುವುದು 5. ಅಷ್ಟರೊಳಗೆ ಬಂದರೆ ಸರಿ, ಇಲ್ಲದಿದ್ದರೆ ಇಲ್ಲ. ದಿನಕ್ಕೆ 50 ಗ್ರಾಂ ಇರುವವರಿಗೆ ಇದೇ ಬಾರ್‌ಗಳ ಬಗ್ಗೆ ಬೇರೆ ಉತ್ತರ ಬರಬಹುದು.

ಮೂರು ಬಾರ್ ಮೇಜಿಗೆ ಬಂದವು. ಎರಡಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಖರ್ಜೂರದ ಬಾರ್, 35 ಗ್ರಾಂ, ಸೇರಿಸಿದ ಸಕ್ಕರೆ ಸೊನ್ನೆ. ಆದರೆ ಮೊದಲ ಪದಾರ್ಥವೇ ಖರ್ಜೂರ, ಒಟ್ಟು ಸಕ್ಕರೆ 100 ಗ್ರಾಂಗೆ 34. ಒಂದು ಬಾರ್‌ಗೆ 15 ಗ್ರಾಂ ನೆಟ್ ಕಾರ್ಬ್. ಇನ್ನೊಂದು ಪ್ರೋಟೀನ್ ಬಾರ್. ಪೋಷಕಾಂಶದ ಪಟ್ಟಿಯಲ್ಲಿ ‘ಒಂದು ಸಲಕ್ಕೆ’ ಕಾರ್ಬ್ 12 ಎಂದಿತ್ತು, ಆ ಒಂದು ಸಲ ಎಂದರೆ 30 ಗ್ರಾಂ, ಪೊಟ್ಟಣ 60 ಗ್ರಾಂ. ಪದಾರ್ಥಗಳಲ್ಲಿ ಗ್ಲುಕೋಸ್ ಸಿರಪ್, ಅಕ್ಕಿ ಹಿಟ್ಟು ಸೇರಿದ ಸೋಯಾ ಕ್ರಿಸ್ಪ್. ಪ್ರೋಟೀನ್ ಹೆಚ್ಚಿದ್ದ ಮಾತ್ರಕ್ಕೆ ಕೀಟೊ ಆಗುವುದಿಲ್ಲ.

ಮೂರನೆಯದು ಬೀಜಗಳ ಬಾರ್, 30 ಗ್ರಾಂ. ಕಡಲೆಬೀಜ, ಬಾದಾಮಿ, ಕುಂಬಳ ಬೀಜ, ಕೊಬ್ಬರಿ, ಜೇನು 3%, ಉಪ್ಪು. ಜೇನು ಎಂದು ಕಂಡ ಕೂಡಲೇ ಶಿಕ್ಷಕಿ ಅದನ್ನು ಬದಿಗೆ ಇಟ್ಟಿದ್ದರು. ಹಾಗೆ ಇಡಬಾರದು. 30 ಗ್ರಾಂನಲ್ಲಿ 3% ಅಂದರೆ ಜೇನು ಒಂದು ಗ್ರಾಂಗಿಂತ ಕಡಿಮೆ, ಅದರ ಸಕ್ಕರೆ 0.7 ಗ್ರಾಂ. ಜೇನು ಇರುವ ಈ ಬಾರ್ ಹೊಂದಬಹುದು, ‘ಸಕ್ಕರೆ ಸೇರಿಸಿಲ್ಲ’ ಎಂಬ ಹಳೆಯ ಬಾರ್ ಹೊಂದಲಿಲ್ಲ.

ಇದರಲ್ಲಿ ತೊಡಕು ಬೇರೆ ಕಡೆ ಇತ್ತು. 100 ಗ್ರಾಂಗೆ ಪ್ರೋಟೀನ್ 20, ಕೊಬ್ಬು 48, ಕಾರ್ಬೋಹೈಡ್ರೇಟ್ 22, ನಾರು 9, ಶಕ್ತಿ 582. ಈ 22ರೊಳಗೆ 9 ಸೇರಿದೆಯೋ, ಅಥವಾ ಅದು ಪ್ರತ್ಯೇಕವೋ? ಅಮೆರಿಕದ ಲೇಬಲ್‌ನಲ್ಲಿ ಒಟ್ಟು ಕಾರ್ಬ್ ಎಂದರೆ ನಾರೂ ಸೇರಿ. ಐರೋಪ್ಯ ಒಕ್ಕೂಟದ ಲೇಬಲ್‌ನಲ್ಲಿ ನಾರು ಬಿಟ್ಟು ಉಳಿದದ್ದನ್ನೇ ಕಾರ್ಬ್ ಎಂದು ಬರೆಯುತ್ತಾರೆ, ಅಲ್ಲಿ ಮತ್ತೆ ಕಳೆದರೆ ಎರಡು ಸಲ ಕಳೆದಂತೆ. ನಮ್ಮ ಅಂಗಡಿಗಳಲ್ಲಿ ಆಮದು ಬಾರ್‌ಗಳೂ ಸಿಗುವುದರಿಂದ ಈ ಗೊಂದಲ ಪದೇಪದೇ ಬರುತ್ತದೆ.

ಕ್ಯಾಲೊರಿ ತಾಳೆಯ ನಿಜವಾದ ಉಪಯೋಗ ಇಲ್ಲಿದೆ. ಪ್ರೋಟೀನ್ ಮತ್ತು ಕೊಬ್ಬಿನಿಂದ 80 ಮತ್ತು 432, ಒಟ್ಟು 512. ನಾರು ಒಳಗೇ ಇದ್ದರೆ: 13ಕ್ಕೆ 4ರಂತೆ 52, 9ಕ್ಕೆ 2ರಂತೆ 18, ಮೊತ್ತ 582. ಪ್ರತ್ಯೇಕವಾಗಿದ್ದರೆ: 22ಕ್ಕೆ 88, ಜೊತೆಗೆ 18, ಮೊತ್ತ 618. ಪೊಟ್ಟಣದಲ್ಲಿ 582 ಇತ್ತು, ಆದ್ದರಿಂದ ನಾರು ಒಳಗಿದೆ. 600 ಎಂದಿದ್ದರೆ ಇಡೀ 22ಕ್ಕೂ 4 ಹಾಕಿ ನಾರಿನ ಕ್ಯಾಲೊರಿ ಬಿಟ್ಟಿದ್ದಾರೆ ಎಂದರ್ಥ, ಆಗ ಈ ದಾರಿಯಿಂದ ತೀರ್ಮಾನ ಆಗುವುದಿಲ್ಲ. ಅಂಥ ಕಡೆ ತೂಕವನ್ನು ಕೂಡಿ ನೋಡಬೇಕು: 20, 48, 22, 9 ಸೇರಿದರೆ 99. ನೀರಿನಂಶಕ್ಕೂ ಖನಿಜಕ್ಕೂ ಒಂದೇ ಗ್ರಾಂ ಉಳಿಯಿತು, ಹಾಗಿರಲು ಸಾಧ್ಯವಿಲ್ಲ. ನಾರು ಒಳಗಿದ್ದರೆ ಮೊತ್ತ 90, ಉಳಿದ 10 ಹೊಂದುತ್ತದೆ. ಎರಡು ದಾರಿಯೂ ಒಂದೇ ಉತ್ತರ ಕೊಟ್ಟವು. ನೆಟ್ ಕಾರ್ಬ್ 100ಕ್ಕೆ 13, ಬಾರ್‌ಗೆ 3.9. ಇಲ್ಲಿನ ನಾರು ಬೀಜ, ಕೊಬ್ಬರಿಗಳದೇ ಆದ್ದರಿಂದ ಪೂರ್ತಿ ಕಳೆಯಬಹುದು. ಬೆರಳ ಪರೀಕ್ಷೆಯಲ್ಲಿ 106, 114, 117, 112 ಬಂತು, ಅಂದರೆ ಉಪಕರಣದ ಅಂತರದೊಳಗೇ.

ಇದೇ ರೀತಿಯ ಬಾರ್‌ನಲ್ಲಿ ಗೋಡಂಬಿ ಮುಂದೆ ಇದ್ದರೆ ಮಾತ್ರ ನಿಲ್ಲಿ. ಕಡಲೆಬೀಜದ ನೆಟ್ ಕಾರ್ಬ್ 100 ಗ್ರಾಂಗೆ 8ರ ಒಳಗೆ, ಗೋಡಂಬಿಯದು 27ರ ಹತ್ತಿರ. 30 ಗ್ರಾಂ ಗೋಡಂಬಿ ತಿಂದರೆ 8 ಗ್ರಾಂ ಕಾರ್ಬ್ ಹೋಯಿತು.

ದಿನಾ ಕೊಳ್ಳುವ ಖರ್ಚು ಬೇಡ ಎನ್ನುವವರಿಗೆ ಮನೆಯ ಉಂಡೆ ಸಾಕು, ನಮ್ಮ ಮಟ್ಟಿಗೆ ಅದೇ ಮೇಲು. ಹುರಿದು ಸಿಪ್ಪೆ ತೆಗೆದ ಕಡಲೆಬೀಜ 100 ಗ್ರಾಂ, ಒಣ ಕೊಬ್ಬರಿ ತುರಿ 50, ಹುರಿದ ಎಳ್ಳು 30, ಚಿಟಿಕೆ ಉಪ್ಪು. ಕಡಲೆಬೀಜದಲ್ಲಿ ಅರ್ಧವನ್ನು ಮಿಕ್ಸಿಯಲ್ಲಿ ಅದರದೇ ಎಣ್ಣೆ ಹೊರಬಂದು ಮುದ್ದೆಯಾಗುವವರೆಗೆ ತಿರುಗಿಸಿ. ನಡುನಡುವೆ ನಿಲ್ಲಿಸಿ ಬದಿ ಕೆರೆಯಬೇಕು. ಪುಡಿಯ ಹಂತದಲ್ಲೇ ಬಿಟ್ಟರೆ ಉಂಡೆ ಕಟ್ಟಲು ಬರುವುದಿಲ್ಲ, ಆಗ ಕೈ ಬೆಲ್ಲದ ಡಬ್ಬಿಗೆ ಹೋಗುತ್ತದೆ. ಉಳಿದರ್ಧ ಬೀಜವನ್ನು ತರಿತರಿ ಕುಟ್ಟಿ ಎಲ್ಲ ಬೆರೆಸಿ, ಒತ್ತಿ ಆರು ಉಂಡೆ ಕಟ್ಟಿ. ಒಂದಕ್ಕೆ 30 ಗ್ರಾಂ, ನೆಟ್ ಕಾರ್ಬ್ 2.5ರ ಸುಮಾರು. 50 ಗ್ರಾಂ ಬೆಲ್ಲ ಸೇರಿದರೆ ಒಂದೊಂದಕ್ಕೂ 7 ಗ್ರಾಂ ಮೇಲೆ ಕೂಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಐದು ದಿನಕ್ಕಾಗುವಷ್ಟೇ ಮಾಡಿ, ಥಂಡಿಗೆ ಕೊಬ್ಬರಿ ಬೇಗ ಕಮಟುತ್ತದೆ. ಮುರುಟಿದ, ಬಣ್ಣಗೆಟ್ಟ ಕಡಲೆಬೀಜವನ್ನು ಆರಿಸಿ ಎಸೆಯಿರಿ. ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಆಗಸ್ಟ್ ಕೊನೆಗೆ ಅವರ ತೂಕ 70ಕ್ಕೆ ಇಳಿಯಿತು, ಕೀಟೋನ್ 0.9ಕ್ಕೆ ಮರಳಿತು. ವಾರದಲ್ಲಿ ನಾಲ್ಕು ದಿನ ಉಂಡೆ, ಎರಡು ದಿನ ಬೀಜದ ಬಾರ್. ಸೆಪ್ಟೆಂಬರಿನಲ್ಲಿ ಅದೇ ಬೀಜದ ಬಾರ್ ‘ಹೊಸ ರುಚಿ’ ಎಂಬ ಪಟ್ಟಿ ಹಚ್ಚಿಕೊಂಡು ಬಂತು. ಶಿಕ್ಷಕಿ ಅಂಗಡಿಯಲ್ಲೇ ಪೊಟ್ಟಣ ತಿರುಗಿಸಿದರು. ಜೇನು 3% ಇದ್ದದ್ದು 9% ಆಗಿ ಮೂರನೇ ಸ್ಥಾನಕ್ಕೆ ಏರಿತ್ತು. ಕಾರ್ಬೋಹೈಡ್ರೇಟ್ 28, ನಾರು 8. ನೆಟ್ ಕಾರ್ಬ್ ಬಾರ್‌ಗೆ 6 ಗ್ರಾಂ. ತಮ್ಮ 5 ಗ್ರಾಂ ಜಾಗಕ್ಕೆ ಅದು ಹಿಡಿಸದು ಎಂದು ವಾಪಸ್ ಇಟ್ಟರು.